ಅಲಮೇಲು ಆಂಟಿಯ ಹನ್ನೊಂದು ತಿಂಗಳು

ನನ್ನ ಡೈರಿಯಲ್ಲಿ 2023ರ ಡಿಸೆಂಬರ್ ಇಪ್ಪತ್ತೆರಡರ ಪುಟದಲ್ಲಿ ಐದು ಕೆಲಸಗಳ ಪಟ್ಟಿ ಇದೆ. ದಿಯಾಗೆ ಜ್ವರದ ಔಷಧಿ, ಹಾಲು, ಕಾರಿಗೆ ಆಯಿಲ್, ಅಮ್ಮನಿಗೆ ಫೋನ್. ಈ ನಾಲ್ಕಕ್ಕೂ ಗೆರೆ ಹೊಡೆದಿದ್ದೇನೆ. ಐದನೆಯದು ಹಾಗೇ ಉಳಿದಿದೆ: ‘ಅಲಮೇಲು ಆಂಟಿ, ಅಂಗಡಿ ಈಮೇಲ್.’

ಡೈರಿ ಬರೆಯುವವರಿಗೆ ಇದೊಂದು ಕಷ್ಟ. ಬೇರೆಯವರು ಮರೆತದ್ದನ್ನು ಮರೆತೇ ಬಿಡುತ್ತಾರೆ. ನಾವು ಮರೆತದ್ದು ನಮ್ಮದೇ ಅಕ್ಷರದಲ್ಲಿ ಕಪಾಟಿನಲ್ಲಿ ಕೂತಿರುತ್ತದೆ.

ಆಂಟಿಯನ್ನು ನಾನು ಮೊದಲು ನೋಡಿದ್ದು ದಿಯಾ ನಾಲ್ಕು ತಿಂಗಳ ಕೂಸಾಗಿದ್ದಾಗ. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ನನ್ನ ದೊಡ್ಡಪ್ಪನ ಮಗಳ ಗೃಹಪ್ರವೇಶ. ಬೀರುವಿನಲ್ಲಿದ್ದ ಹನ್ನೆರಡು ಬ್ಲೌಸುಗಳಲ್ಲಿ ಒಂದೂ ನನ್ನ ತೋಳು ದಾಟಿ ಮೇಲೆ ಹೋಗಲಿಲ್ಲ. ಮಂಚದ ಮೇಲೆ ಕೂತು ಅತ್ತಿದ್ದೆ. ನನ್ನ ಗಂಡ ದುಷ್ಯಂತ್ ಹೆದರಿ, ಗೊತ್ತಿದ್ದವರಿಗೆಲ್ಲ ಮೆಸೇಜ್ ಹಾಕಿ, ಕೊನೆಗೆ ಒಂದು ವಿಳಾಸ ತಂದುಕೊಟ್ಟ: ‘ಫಾರ್ಮರ್ಸ್ ಬ್ರಾಂಚ್, ಎಲ್‌ಬಿಜೆ ಫ್ರೀವೇ ಪಕ್ಕದ ಆಫೀಸ್ ಪಾರ್ಕ್. ಹಿಂದಿನ ಸಾಲು, ಏಳನೇ ಬಾಗಿಲು. ಬೋರ್ಡ್ ಇರೋದಿಲ್ಲ. ತಟ್ಟಿ.’

ಪ್ರಾಸ್ಪರ್‌ನ ನಮ್ಮ ಮನೆಯಿಂದ ಅಲ್ಲಿಗೆ ನಲವತ್ತು ನಿಮಿಷ. ಕೂಸನ್ನು ಕಾರ್ ಸೀಟಿನ ಸಮೇತ ಎತ್ತಿಕೊಂಡು ತಟ್ಟಿದೆ. ತೆರೆದವರಿಗೆ ಅರವತ್ತರ ಹತ್ತಿರದ ವಯಸ್ಸು; ಕುತ್ತಿಗೆಯಲ್ಲಿ ಟೇಪು, ಸೆರಗಿಗೆ ಸಿಕ್ಕಿಸಿದ ನಾಲ್ಕು ಗುಂಡುಪಿನ್ನು. ನನ್ನನ್ನು ನೋಡುವ ಮೊದಲು ಕಾರ್ ಸೀಟಿನೊಳಗೆ ನೋಡಿದರು.

“ಎಷ್ಟು ತಿಂಗಳು?”

“ನಾಲ್ಕು, ಆಂಟಿ.”

“ಮೊದ್ಲು ಕೂತ್ಕೋ. ನಿದ್ದೆ ಮಾಡಿ ಎಷ್ಟು ದಿನ ಆಯ್ತು?”

ಅಳತೆ ತೆಗೆಯುವಾಗ ನಾನು ಹೊಟ್ಟೆ ಒಳಗೆ ಎಳೆದುಕೊಂಡೆ. ಅವರು ಟೇಪನ್ನು ಹಾಗೇ ಹಿಡಿದು ಕಾದರು. “ಉಸಿರು ಬಿಡು. ಉಸಿರು ಹಿಡಿದ ಅಳತೇಲಿ ಹೊಲಿದ್ರೆ ಆಮೇಲೆ ಊಟ ಮಾಡೋ ಹಾಗಿಲ್ಲ. ಗೃಹಪ್ರವೇಶದಲ್ಲಿ ಹೋಳಿಗೆ ಮಾಡಿರ್ತಾರೆ.”

ಹೊಸದು ಹೊಲಿಯುವ ಮಾತೇ ಇಲ್ಲ. ನನ್ನ ಮದುವೆಯ ಬ್ಲೌಸನ್ನು ಒಳಮಗ್ಗುಲು ಮಾಡಿ, ಪಕ್ಕದ ಹೊಲಿಗೆ ಬಿಚ್ಚಿದರು. ಒಳಗೆ ಮಡಿಚಿಟ್ಟಿದ್ದ ಒಂದೂವರೆ ಇಂಚು ಬಟ್ಟೆ ಹೊರಗೆ ಬಂತು. ಹೊರಗಿನ ನೇರಳೆ ಮಾಸಿತ್ತು. ಆ ಪಟ್ಟಿಯಲ್ಲಿ ಮಾತ್ರ ಮದುವೆಯ ದಿನದ ಬಣ್ಣ ಹಾಗೇ ಇತ್ತು.

“ನೋಡು, ಹೊಲಿದವನು ಬುದ್ಧಿವಂತ. ಒಳಗೆ ಬಟ್ಟೆ ಬಿಟ್ಟಿದಾನೆ. ಹೆಣ್ಣುಮಕ್ಕಳ ಮೈ ಒಂದೇ ಹಾಗೆ ಇರತ್ತಾ? ಮುಂದಿಂದಕ್ಕೆ ಜಾಗ ಬಿಟ್ಟು ಹೊಲೀಬೇಕು.”

ಆ ಕೋಣೆಗೆ ಪಡುವಣಕ್ಕೆ ಒಂದು ಎತ್ತರದ ಕಿಟಕಿ. ಮಧ್ಯಾಹ್ನ ಎರಡರ ಮೇಲೆ ಬಿಸಿಲು ಒಳಗೆ ಬಂದು, ಸಿಮೆಂಟಿನ ನೆಲದ ಮೇಲೆ ಚಾಪೆಯಷ್ಟು ಅಗಲಕ್ಕೆ ಬೀಳುತ್ತಿತ್ತು. ಚಳಿಗಾಲದಲ್ಲಿ ಆ ಜಾಗದಲ್ಲಿ ಒಂದು ಕೌದಿ ಹಾಸಿ ಆಂಟಿ ದಿಯಾಳನ್ನು ಮಲಗಿಸುತ್ತಿದ್ದರು. ಮನೆಯ ದುಬಾರಿ ತೊಟ್ಟಿಲಲ್ಲಿ ಅರ್ಧ ಗಂಟೆಗೆ ಎದ್ದು ಕೂಗುವವಳು, ಹೊಲಿಗೆ ಯಂತ್ರದ ಸದ್ದಿನಲ್ಲಿ ಎರಡು ಗಂಟೆ ಮಿಸುಕದೆ ಮಲಗುತ್ತಿದ್ದಳು. ನಾನೂ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದೆ. ನಿಜ ಹೇಳಬೇಕೆಂದರೆ, ಮೊದಲ ವರ್ಷ ನಾನು ಅಲ್ಲಿಗೆ ಹೋಗುತ್ತಿದ್ದುದು ಬ್ಲೌಸಿಗಲ್ಲ, ನಿದ್ದೆಗೆ.

ಅಲಮೇಲು ಆಂಟಿ ಮೈಸೂರಿನವರು. ಶಿವರಾಂಪೇಟೆಯಲ್ಲಿ ಅವರ ತಂದೆಗೆ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇತ್ತು. ಎಂಟು ಅಡಿ ಅಗಲದ ಮಳಿಗೆ, ಬಾಡಿಗೆಯದು. ಮದುವೆಯಾಗಿ ಗಂಡ ಪ್ರಹ್ಲಾದ್ ಅಂಕಲ್ ಜೊತೆ ಡಲ್ಲಾಸಿಗೆ ಬಂದ ಮೇಲೆ, ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಊಟದ ಮೇಜಿನ ಮೇಲೆ ಗೆಳತಿಯರಿಗಷ್ಟೇ ಫಾಲ್ ಹಚ್ಚಿಕೊಡುತ್ತಿದ್ದರಂತೆ. ಮಗಳು ಶ್ರೀಜಾ ಕಾಲೇಜಿಗೆ ಹೋದ ವರ್ಷ, 2013ರ ಮಾರ್ಚಿ ಒಂದನೇ ತಾರೀಖು, ಈ ಏಳನೇ ಬಾಗಿಲಿನ ಕೋಣೆಯನ್ನು ತಮ್ಮ ಒಬ್ಬರ ಹೆಸರಿನಲ್ಲೇ ಬಾಡಿಗೆಗೆ ತೆಗೆದುಕೊಂಡರು.

ಕಟ್ಟಡದ ಮಾಲೀಕ ಡೇಲ್ ಎಂಬ ಮುದುಕ. ಅವನು ಐದು ವರ್ಷದ ಲೀಸ್ ಕಾಗದ ಮುಂದಿಟ್ಟನಂತೆ. ಆಂಟಿ ಪೆನ್ನು ತೆಗೆದು ‘ಐದು ವರ್ಷ’ ಎಂಬುದನ್ನು ಹೊಡೆದುಹಾಕಿ ‘ಹನ್ನೊಂದು ತಿಂಗಳು’ ಎಂದು ಬರೆದರು.

“ಅವನು ಕನ್ನಡಕ ತೆಗ್ದು ಒರೆಸ್ಕೊಂಡ. ಹನ್ನೊಂದಾ? ಹನ್ನೆರಡಾದ್ರೂ ಮಾಡಮ್ಮ, ಲೆಕ್ಕಕ್ಕೆ ಸುಲಭ ಅಂದ. ನಾನು, ನೋ ನೋ, ಹನ್ನೊಂದೇ ಅಂದೆ. ಹನ್ನೆರಡಾದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೀಬೇಕು, ಯಾರಿಗೆ ಬೇಕು ಅಂತ. ಪಾಪ, ಅವನಿಗೆ ಏನೂ ಅರ್ಥ ಆಗ್ಲಿಲ್ಲ. ಆದ್ರೂ ಸೈನ್ ಹಾಕ್ದ.”

ನಮ್ಮ ಊರುಗಳಲ್ಲಿ ಬಾಡಿಗೆ ಕರಾರು ಎಂದರೆ ಹನ್ನೊಂದು ತಿಂಗಳು. ವರ್ಷ ದಾಟಿದರೆ ನೋಂದಣಿ, ಸ್ಟಾಂಪು, ಖರ್ಚು. ಆದ್ದರಿಂದ ಎಲ್ಲರೂ ಹನ್ನೊಂದಕ್ಕೆ ಬರೆಯುತ್ತಾರೆ, ಮುಗಿದಾಗ ಮತ್ತೆ ಬರೆಯುತ್ತಾರೆ. ಆಂಟಿಯ ತಂದೆ ಹಾಗೆ ಬರೆಸಿಕೊಂಡೇ ಒಂದೇ ಮಳಿಗೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದರು. ಮಾಲೀಕರು ಛಾಪಾ ಕಾಗದ ಹಿಡಿದು ಬರುತ್ತಿದ್ದರು, ಎದುರಿನ ಹೋಟೆಲಿಂದ ಎರಡು ಕಾಫಿ ಬರುತ್ತಿತ್ತು, ಇಬ್ಬರೂ ತಮ್ಮ ಮಕ್ಕಳ ಸುದ್ದಿ ಮಾತಾಡಿ ರುಜು ಹಾಕುತ್ತಿದ್ದರು. ಬಿಡಿಸುವ ಮಾತು ಒಂದು ಸಲವೂ ಬರಲಿಲ್ಲ. ಆ ಮಳಿಗೆಯಲ್ಲಿ ಗುಂಡಿ ಆಯ್ದು ಬೆಳೆದ ಹುಡುಗಿಗೆ ಹನ್ನೊಂದು ತಿಂಗಳು ಎಂದರೆ ಶಾಶ್ವತ ಎಂದೇ ಅರ್ಥ.

ಟೆಕ್ಸಸ್ಸಿನಲ್ಲೂ ಅವರು ಅದನ್ನೇ ನಡೆಸಿದರು. ಹನ್ನೊಂದು ತಿಂಗಳ ಕರಾರಿನ ತಾರೀಖು ಪ್ರತಿ ಸಲ ಒಂದು ತಿಂಗಳು ಹಿಂದೆ ಸರಿಯುತ್ತದೆ. ಮೊದಲನೆಯದು ಮಾರ್ಚಿ, ಎರಡನೆಯದು ಫೆಬ್ರುವರಿ, ಮೂರನೆಯದು ಜನವರಿ. ಯಾವ ತಿಂಗಳಿಗೆ ಬೀಳುತ್ತದೋ ಆ ತಿಂಗಳ ತಿಂಡಿ ಡೇಲ್‌ಗೆ. ಜನವರಿಗೆ ಎಳ್ಳುಬೆಲ್ಲ, ಡಿಸೆಂಬರಿಗೆ ಹುಗ್ಗಿ, ನವೆಂಬರಿಗೆ ದೀಪಾವಳಿಯ ಕಜ್ಜಾಯ, ಆಗಸ್ಟಿಗೆ ಗೋಕುಲಾಷ್ಟಮಿಯ ಚಕ್ಕುಲಿ. ಜೊತೆಗೆ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಡೇಲ್ ವೀಳ್ಯದೆಲೆಯನ್ನು ಸ್ಯಾಂಡ್‌ವಿಚ್ಚಿಗೆ ಹಾಕಿಕೊಂಡು ತಿಂದನಂತೆ.

2022ರ ಮೇ ತಿಂಗಳ ಹನ್ನೊಂದನೆಯ ಕರಾರಿಗೆ ನಾನು ಸಾಕ್ಷಿ. ಎಂಬತ್ತೆರಡರ ಮುದುಕ ಮಾವಿನಹಣ್ಣಿನ ಸೀಕರಣೆಯನ್ನು ನಿಂತೇ ಬಟ್ಟಲು ಕೆರೆದು ತಿಂದು, ಕಾಗದಕ್ಕೆ ಸೈನ್ ಹಾಕಿ, “ಅಲಾ, ಬರುವ ಸಲ ಏಪ್ರಿಲ್. ಆಮೇಲೆ ನನಗೆ ಮಾರ್ಚ್ ಒಂದು ಬಾಕಿ. ಮೊದಲನೇ ಮಾರ್ಚಿಯಲ್ಲಿ ನೀನು ಬರಿಗೈಲಿ ಬಂದಿದ್ದೆ” ಎಂದು ಇಂಗ್ಲಿಷಿನಲ್ಲಿ ನಕ್ಕ.

ಆಂಟಿಯೂ ನಕ್ಕರು. ಅವನು ಹೋದ ಮೇಲೆ, “ಒಂದು ವರ್ಷದ ತಿಂಡಿ ತಿನ್ನಿಸೋಕೆ ಹನ್ನೊಂದು ವರ್ಷ ಹಿಡಿಯತ್ತೆ ಕಣೇ. ಮಾರ್ಚಿಗೆ ಏನು ಮಾಡ್ಲಿ ಹೇಳು” ಎಂದರು.

ಕತ್ತರಿಸುವ ಮೇಜಿನ ಹಿಂದೆ, ಗೋಡೆಗೆ ಮುಖ ಮಾಡಿ, ಹಳೆಯ ಸೀರೆ ಸುತ್ತಿದ ಒಂದು ದೊಡ್ಡ ಹಲಗೆ ನಿಂತಿರುತ್ತಿತ್ತು. ದಿಯಾ ಅಂಬೆಗಾಲಿಟ್ಟು ಹೋಗಿ ಅದರ ಸೆರಗು ಎಳೆದಾಗಲೇ ನಾನು ಅದನ್ನು ನೋಡಿದ್ದು. ತಗಡಿನ ಬೋರ್ಡು. ಹಳದಿಯ ಮೇಲೆ ನೀಲಿ ಅಕ್ಷರ: ‘ಅಲಮೇಲು. ಬ್ಲೌಸ್, ಫಾಲ್, ಪೀಕೋ.’ ಅಂಗಡಿ ಹಿಡಿದ ವರ್ಷವೇ ಮೈಸೂರಿನಲ್ಲಿ ಬರೆಸಿ, ಸೂಟ್‌ಕೇಸಿಗೆ ಹಿಡಿಯದೆ ಬೇರೆ ಪಾರ್ಸೆಲ್ ಮಾಡಿ ತಂದಿದ್ದರಂತೆ. ಆದರೆ ಡೇಲ್‌ನ ಕಾಗದದಲ್ಲಿ ಮೊದಲಿನಿಂದಲೂ ಒಂದು ಸಾಲಿತ್ತು. ಹೊರಗೋಡೆಗೆ ಬೋರ್ಡು ಹಾಕುವ ಅವಕಾಶ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಅವಧಿಗೆ ಬರೆಸಿಕೊಂಡವರಿಗೆ ಮಾತ್ರ.

“ಮತ್ತೆ ಮೂರು ವರ್ಷಕ್ಕೆ ಬರೆಸ್ಕೋಬಹುದಿತ್ತಲ್ಲ ಆಂಟಿ?”

ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. “ಅಂಕಲ್ ಪ್ರತಿ ಸಲ ಕೇಳ್ತಾರೆ, ಇನ್ನೂ ಎಷ್ಟು ದಿನ ಅಲಮು, ಆಸ್ಟಿನ್‌ಗೆ ಹೋಗೋಣ ಅಂತ. ನಾನು ಇನ್ನೊಂದು ಹನ್ನೊಂದು ತಿಂಗಳು ಅಂತೀನಿ. ಅವರಿಗೂ ಸಮಾಧಾನ, ನನಗೂ ಸಮಾಧಾನ. ಮೂರು ವರ್ಷ ಅಂದ್ರೆ ಜಗಳ ಆಗತ್ತೆ.” ದಾರಕ್ಕೆ ಗಂಟು ಹಾಕಿ, ಹಲ್ಲಿನಿಂದ ಕಡಿದು, ಬೋರ್ಡಿನ ಕಡೆ ನೋಡದೆ ಹೇಳಿದರು. “ಆದ್ರೆ ಒಂದು ದಿನ ಅದನ್ನ ಹೊರಗೆ ಹಾಕ್ಬೇಕು. ಈ ದೇಶದಲ್ಲಿ ಮನೆ ಅವರ ಹೆಸರಲ್ಲಿ, ಕಾರು ಅವರ ಹೆಸರಲ್ಲಿ, ಕರೆಂಟ್ ಬಿಲ್ ಕೂಡ ಅವರ ಹೆಸರಲ್ಲಿ. ನಾನು ಒಬ್ಬಳೇ ಸೈನ್ ಹಾಕಿರೋ ಕಾಗದ ಇದೊಂದೇ.”

2023ರ ಬೇಸಿಗೆಯಲ್ಲಿ ಡೇಲ್ ತೀರಿಕೊಂಡ. ಮಕ್ಕಳು ಕಟ್ಟಡ ಮಾರಿದರು. ಡಿಸೆಂಬರ್ ಮೊದಲ ವಾರ ಹೊಸ ಕಂಪನಿಯಿಂದ ಕಾಗದ ಬಂತು: ನಿಮ್ಮ ಅವಧಿ ಫೆಬ್ರುವರಿ ಇಪ್ಪತ್ತೊಂಬತ್ತಕ್ಕೆ ಮುಗಿಯುತ್ತದೆ. ಮುಂದುವರಿಯಬೇಕಾದರೆ ನಮ್ಮಲ್ಲಿ ಕನಿಷ್ಠ ಅವಧಿ ಐದು ವರ್ಷ. ಜನವರಿ ಹತ್ತರೊಳಗೆ ಸಹಿ ಮಾಡಿ ಕಳಿಸಿ.

ಆ ಶನಿವಾರ ಅಂಗಡಿಯಲ್ಲಿ ಸುಚೇತಾ ಇದ್ದಳು. ಹ್ಯೂಸ್ಟನ್ನಿನಲ್ಲಿ ಒಂದು ವಕೀಲರ ಆಫೀಸಿನಲ್ಲಿ ಅವಳಿಗೆ ಅಂಗಡಿ, ಗೋಡೌನುಗಳ ಲೀಸ್ ನೋಡುವ ಕೆಲಸ. ವರ್ಷಕ್ಕೆ ಎರಡು ಸಲ ಒಂದು ಸೂಟ್‌ಕೇಸ್ ತುಂಬ ಬಟ್ಟೆ ತರುತ್ತಾಳೆ. ಆಂಟಿ ಕಾಗದವನ್ನು ಅವಳ ಮುಂದೆ ಇಟ್ಟರು.

“ಓದಿ ಹೇಳು. ಇಲ್ಲಿ ಅಂಗಡಿಗೆ ಕಡಿಮೆ ಅಂದ್ರೆ ಎಷ್ಟು ವರ್ಷ ಅಂತ ಸರ್ಕಾರದ ರೂಲು?”

“ಏನೂ ಇಲ್ಲ, ಆಂಟಿ.”

“ಏನೂ ಇಲ್ಲ ಅಂದ್ರೆ?”

“ಟೆಕ್ಸಸ್‌ನಲ್ಲಿ ಕಡಿಮೆ ಅಂದ್ರೆ ಇಷ್ಟು ಇರ್ಲೇಬೇಕು ಅಂತ ಕಾನೂನೇ ಇಲ್ಲ. ಒಂದು ತಿಂಗಳಿಗೂ ಬರ್ಕೋಬಹುದು, ಐವತ್ತು ವರ್ಷಕ್ಕೂ ಬರ್ಕೋಬಹುದು. ಒಂದು ವರ್ಷ ದಾಟಿದ್ರೆ ಬಾಯಿಮಾತು ಸಾಲಲ್ಲ, ಬರವಣಿಗೇಲಿ ಇರ್ಬೇಕು, ಸೈನ್ ಇರ್ಬೇಕು. ಅಷ್ಟೆ.”

“ಹಾಗಾದ್ರೆ ಈ ಐದು ವರ್ಷ?”

“ಅದು ಕಂಪನಿ ರೂಲು.”

“ಮತ್ತೆ ನನ್ನ ಹನ್ನೊಂದು ತಿಂಗಳು?”

“ಅದು ನಿಮ್ಮ ರೂಲು!”

ನನಗೆ ನಗು ತಡೆಯಲಾಗಲಿಲ್ಲ. ಆಂಟಿ ನಗಲಿಲ್ಲ. “ಹನ್ನೊಂದು ವರ್ಷ ಇದ್ದೀನಲ್ಲ. ಒಂದು ತಿಂಗಳು ಬಾಡಿಗೆ ತಡ ಮಾಡಿಲ್ಲ. ಅದಕ್ಕೇನೂ ಹಕ್ಕು ಬರಲ್ವಾ?”

“ಬರಲ್ಲ. ಹನ್ನೊಂದು ವರ್ಷ ಇದ್ರಿ ಅಂತ ನೀವು ಅಂದ್ಕೊಂಡಿದೀರ. ಕಾಗದದ ಪ್ರಕಾರ ನೀವು ಹನ್ನೆರಡು ಸಲ ಬಂದ್ರಿ, ಹನ್ನೆರಡು ಸಲ ಹೋದ್ರಿ.” ಹೇಳಿದ ಮೇಲೆ ಸುಚೇತಾಳಿಗೇ ಅದು ಕಠಿಣವಾಯಿತೆನ್ನಿಸಿ ದನಿ ತಗ್ಗಿಸಿದಳು. “ಕೆಲವು ದೇಶದಲ್ಲಿ ಇದೆ ಆಂಟಿ. ಫ್ರಾನ್ಸಲ್ಲಿ ಸಾಮಾನ್ಯವಾಗಿ ಅಂಗಡಿಗೆ ಒಂಬತ್ತು ವರ್ಷಕ್ಕಿಂತ ಕಡಿಮೆ ಬರೆಯೋ ಹಾಗಿಲ್ಲ. ಅಂಗಡಿಯವರಿಗೆ ನೆಲೆ ಇರ್ಲಿ ಅಂತ.”

“ಅಲ್ಲಿ ಯಾರೂ ಸೀರೆ ಉಡಲ್ವಲ್ಲ” ಎಂದರು ಆಂಟಿ. ಆದರೆ ಆ ‘ಒಂಬತ್ತು ವರ್ಷ’ ಎಂಬ ಮಾತು ಅವರಲ್ಲಿ ಎಲ್ಲೋ ಕೂತುಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದೆ, “ಒಂಬತ್ತು ವರ್ಷ ಅಂತ ಬರೆದುಕೊಟ್ಟುಬಿಟ್ರೆ ಹೇಗಿರತ್ತೆ, ಅಲ್ವಾ?” ಎಂದರು. ಅವರ ಬಾಯಲ್ಲಿ ಅದು ಕಾನೂನಿನಂತೆ ಕೇಳಿಸಲಿಲ್ಲ. ಬೇರೆಯವರ ಮನೆಯ ಹಿತ್ತಿಲಿನ ಬಾವಿಯ ಬಗ್ಗೆ ಹೇಳುವಂತಿತ್ತು.

ಸುಚೇತಾ ಸೂಟ್‌ಕೇಸ್ ಮುಚ್ಚುತ್ತ ಇನ್ನೊಂದು ವಿಷಯ ಹೇಳಿದಳು. “ಆಪ್ಷನ್ ಅಂತ ಒಂದು ಸಾಲು ಬರೆಸ್ಕೋಬೇಕು ಆಂಟಿ. ಅವಧಿ ಮುಗಿದ್ಮೇಲೆ ನಾನು ಬೇಕಂದ್ರೆ ಇನ್ನಷ್ಟು ವರ್ಷ ಮುಂದುವರಿಸ್ತೀನಿ, ನೀವು ಇಲ್ಲ ಅನ್ನೋ ಹಾಗಿಲ್ಲ ಅಂತ. ಕೇಳಿದ್ರೆ ಡೇಲ್ ಸುಮ್ನೆ ಕೊಡ್ತಿದ್ದ.”

ಆಂಟಿ ಸ್ಟೂಲಿನ ಮೇಲೆ ಕೂತರು. “ಅಯ್ಯೋ! ಒಳಗೆ ಬಿಡೋ ಬಟ್ಟೆ ಅದು. ಡಲ್ಲಾಸಿನ ಹೆಂಗಸರ ಬ್ಲೌಸಿಗೆಲ್ಲ ಒಂದೂವರೆ ಇಂಚು ಬಿಟ್ಟೆ, ನನ್ನ ಕಾಗದಕ್ಕೆ ಕಾಲಿಂಚೂ ಬಿಡ್ಲಿಲ್ಲ ನೋಡು.”

ಅದಾಗಿ ಎರಡು ವಾರಕ್ಕೆ ಪ್ರಹ್ಲಾದ್ ಅಂಕಲ್ ಊಟದ ಕ್ಯಾರಿಯರ್ ತಂದ ಹೊತ್ತಿಗೆ ನಾನೂ ಇದ್ದೆ. ಅಂಕಲ್ ರಿಟೈರ್ ಆಗಿ ಒಂದೂವರೆ ವರ್ಷ. ಶ್ರೀಜಾ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ಚಿಪ್ ಕಂಪನಿಯ ಕೆಲಸದಲ್ಲಿದ್ದಾಳೆ. ಅವಳ ಮಗ ಆಶ್ರಿತನಿಗೆ ಎರಡು ವರ್ಷ. ಅಂಕಲ್ ಫೋನಿನಲ್ಲಿ ಆಸ್ಟಿನ್ ಹವಾಮಾನ ಮೊದಲು ನೋಡಿ, ಆಮೇಲೆ ಡಲ್ಲಾಸಿನದು ನೋಡುವವರು.

“ಐದು ವರ್ಷಾನಾ? ಅಲಮು, ಮುಗಿಯೋ ಹೊತ್ತಿಗೆ ನಿನಗೆ ಅರವತ್ತಾರು.”

“ನಿಮಗೆ ಎಪ್ಪತ್ತೊಂದು. ನಾನು ಬೋರ್ಡ್ ಹಾಕಿ ಹೇಳ್ಲಾ?”

“ಬೋರ್ಡ್ ಹಾಕೋಕೇ ತಾನೆ ಇಷ್ಟೆಲ್ಲ!”

“ಹೌದು ರೀ. ಅದಕ್ಕೇ.”

ಅಂಕಲ್ ಕ್ಯಾರಿಯರಿನ ಡಬ್ಬಿಗಳನ್ನು ಒಂದೊಂದಾಗಿ ಬಿಡಿಸಿ ಜೋಡಿಸಿದರು. ಹುಳಿ, ಪಲ್ಯ, ಮೊಸರನ್ನ. ಆಂಟಿ ತಟ್ಟೆ ಮುಟ್ಟಲಿಲ್ಲ. ದಿಯಾ ಮೇಜಿನ ಕೆಳಗಿಂದ ಗುಂಡಿಯ ಡಬ್ಬ ಅಲ್ಲಾಡಿಸುತ್ತ, “ಅಜ್ಜಿ, ಆರ್ ಯು ಸ್ಯಾಡ್?” ಎಂದಳು.

“ಇಲ್ಲ ಕಂದ, ಹಸಿವು.”

“ದೆನ್ ಈಟ್!”

ಅಂಕಲ್ ಜೋರಾಗಿ ನಕ್ಕುಬಿಟ್ಟರು. ನಕ್ಕು, ಕಣ್ಣೊರೆಸಿಕೊಂಡು, “ಸರಿ, ಬರೀ. ಆಸ್ಟಿನ್ ಎಲ್ಲಿ ಓಡಿಹೋಗತ್ತೆ? ಮೂರೂವರೆ ಗಂಟೆ ದಾರಿ. ತಿಂಗಳಿಗೆರಡು ಸಲ ನಾನು ಡ್ರೈವ್ ಮಾಡ್ತೀನಿ. ಮೊದ್ಲು ಊಟ ಮಾಡು” ಎಂದರು. ಆಂಟಿ ಹುಳಿ ಕಲಸಿದರು. ಅಷ್ಟು ಸುಲಭವಾಗಿ ಒಪ್ಪುವವರು ಹತ್ತು ವರ್ಷ ಮೊದಲೇ ಒಪ್ಪುತ್ತಿದ್ದರೇನೋ, ಯಾರೂ ಕೇಳಿರಲಿಲ್ಲ.

ಅಂದೇ ಸಹಿ ಹಾಕಿ ಕಳಿಸಬಹುದಿತ್ತು. ನಾನು ಫೋನ್ ತೆಗೆದೆ ಕೂಡ. ಆಂಟಿ ಕೈ ಹಿಡಿದು ತಡೆದರು.

“ಈಗ ಬೇಡ. ಧನುರ್ಮಾಸ ಹಿಡಿದಿದೆ. ದೇವರಿಗೆ ಹುಗ್ಗಿ ಮಾಡೋ ತಿಂಗಳು, ಹೊಸ ಕೆಲಸಕ್ಕೆ ಕೈ ಹಾಕೋ ತಿಂಗಳಲ್ಲ. ಐದು ವರ್ಷದ ಮಾತು. ಸಂಕ್ರಾಂತಿ ದಿನ ಸೈನ್ ಹಾಕ್ತೀನಿ.”

“ಆಂಟಿ, ಹತ್ತನೇ ತಾರೀಖು ಅಂತ ಬರೆದಿದಾರೆ. ಸಂಕ್ರಾಂತಿ ಹದಿನೈದಕ್ಕೆ.”

“ಐದು ದಿನ ತಾನೆ. ನಾವೇನು ಹೊಸಬರಾ? ನೀನು ಇಂಗ್ಲಿಷಲ್ಲಿ ಚೆನ್ನಾಗಿ ಒಂದು ಈಮೇಲ್ ಬರೆದುಬಿಡು. ಹದಿನೈದಕ್ಕೆ ಬಂದು ಸೈನ್ ಮಾಡ್ತಾರೆ, ಅಲ್ಲಿ ತನಕ ಇಟ್ಕೊಂಡಿರಿ ಅಂತ.”

“ಸರಿ, ಬರೀತೀನಿ” ಎಂದೆ. ಮನೆಗೆ ಬಂದು ಡೈರಿಯಲ್ಲಿ ಬರೆದುಕೊಂಡೆ. ಆಗಲೇ ಮೈ ಬೆಚ್ಚಗಿದ್ದ ದಿಯಾಗೆ ಆ ರಾತ್ರಿ ಜ್ವರ ಏರಿತು. ಆಮೇಲೆ ಕಿವಿ ನೋವು, ಆಮೇಲೆ ನನಗೂ ಜ್ವರ, ಕ್ರಿಸ್ಮಸ್ ರಜೆ, ದುಷ್ಯಂತನ ತಂದೆ ತಾಯಿ ಬಂದದ್ದು, ಹೊಸ ವರ್ಷ. ಹೊಸ ಡೈರಿ ತೆಗೆದಾಗ ಹಳೆಯದರ ಪುಟ ತಿರುವಿ ನೋಡುವ ಅಭ್ಯಾಸ ನನಗಿಲ್ಲ.

ಸಂಕ್ರಾಂತಿಯ ದಿನ ಸೋಮವಾರ, ಇಲ್ಲಿ ಸರ್ಕಾರಿ ರಜೆ. ಕಂಪನಿಯ ಆಫೀಸು ಮುಚ್ಚಿತ್ತು. ಮಂಗಳವಾರ ರಸ್ತೆ ತುಂಬ ಮಂಜುಗಡ್ಡೆ. ಅಂಕಲ್ ಇಪ್ಪತ್ತು ಮೈಲಿ ವೇಗದಲ್ಲಿ ನಮ್ಮನ್ನು ಕರೆದುಕೊಂಡು ಹೋದರು. ಆಂಟಿ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಅಂಕಲ್ಲಿನ ದಪ್ಪ ಕೋಟು ಹಾಕಿದ್ದರು. ಮಡಿಲಲ್ಲಿ ಬೆಳ್ಳಿ ತಟ್ಟೆ: ಎಳ್ಳುಬೆಲ್ಲ, ಸಕ್ಕರೆ ಅಚ್ಚು, ವೀಳ್ಯದೆಲೆ, ತೆಂಗಿನಕಾಯಿ. ಕಾರಿನಲ್ಲಿ ಅವರು ಆ ಬೋರ್ಡಿಗೆ ಎಷ್ಟು ಮೊಳೆ ಬೇಕಾಗುತ್ತದೆ ಎಂದು ಅಂಕಲ್ಲಿಗೆ ಹೇಳುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತಿದ್ದ ನನಗೆ ಆಗ ಈಮೇಲ್ ನೆನಪಾಯಿತು.

ಮ್ಯಾನೇಜರ್ ಇಪ್ಪತ್ತೇಳೋ ಇಪ್ಪತ್ತೆಂಟೋ ವರ್ಷದ ಹುಡುಗಿ. ಒಳ್ಳೆಯವಳು. ಕಂಪ್ಯೂಟರ್ ನೋಡಿ, ಮತ್ತೊಮ್ಮೆ ನೋಡಿ, “ಐ ಆಮ್ ಸೋ ಸಾರಿ” ಎಂದಳು. ಹತ್ತರವರೆಗೆ ಕಾದರಂತೆ. ನಮ್ಮಿಂದ ಯಾವ ಸುದ್ದಿಯೂ ಬರಲಿಲ್ಲ. ಹನ್ನೆರಡಕ್ಕೆ ಹಲ್ಲಿನ ಡಾಕ್ಟರೊಬ್ಬರು ಆ ಕೋಣೆ, ಪಕ್ಕದ ಕೋಣೆ ಎರಡನ್ನೂ ಸೇರಿಸಿ ಹತ್ತು ವರ್ಷಕ್ಕೆ ಬರೆಸಿಕೊಂಡರು.

ಆಂಟಿ ತಟ್ಟೆಯನ್ನು ಕೆಳಗಿಡಲಿಲ್ಲ. ಎಳ್ಳುಬೆಲ್ಲದ ಒಂದು ಪೊಟ್ಟಣ ತೆಗೆದು ಆ ಹುಡುಗಿಯ ಕೈಗೆ ಕೊಟ್ಟರು. “ಈಟ್. ಸ್ಪೀಕ್ ಗುಡ್.” ಹುಡುಗಿ ಬಾಯಿಗೆ ಹಾಕಿಕೊಂಡು, ಕೊಬ್ಬರಿ ಅಗಿಯುತ್ತ ಅತ್ತುಬಿಟ್ಟಳು.

ಕಾರಿಗೆ ಬಂದ ಮೇಲೆ ನಾನು ಹೇಳಿದೆ. “ಆಂಟಿ, ಈಮೇಲ್ ನಾನು ಕಳಿಸ್ಲೇ ಇಲ್ಲ. ದಿಯಾಗೆ ಜ್ವರ... ಮರೆತುಬಿಟ್ಟೆ.”

ವೈಪರ್ ಎರಡು ಸಲ ಆಚೆ ಈಚೆ ಹೋಯಿತು.

“ಕಾಗದ ನಂದು,” ಎಂದರು ಆಂಟಿ ಕೊನೆಗೆ. “ಜ್ವರದ ಮಗು ನಿಂದು. ನೀನು ನಿನ್ನ ಮಗು ನೋಡ್ಕೊಂಡೆ. ನಾನು ನನ್ನ ಕಾಗದ ನೋಡ್ಕೋಬೇಕಿತ್ತು.”

ಬೈದಿದ್ದರೆ ಚೆನ್ನಾಗಿತ್ತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಆ ವರ್ಷ ಫೆಬ್ರುವರಿಗೆ ಇಪ್ಪತ್ತೊಂಬತ್ತು ದಿನ. ಕೊನೆಯ ದಿನ ನಾನು ದಿಯಾಳನ್ನು ಕರೆದುಕೊಂಡು ಹೋದೆ. ಯಂತ್ರಗಳು, ದಾರದ ಉಂಡೆಗಳು, ಗಿರಾಕಿಗಳ ಹೆಸರು ಚುಚ್ಚಿದ ಅಳತೆ ಬ್ಲೌಸುಗಳು, ಎಲ್ಲ ಟ್ರಕ್ಕಿಗೆ ಏರಿದ್ದವು. ಬೋರ್ಡೂ ಏರಿತ್ತು, ಸೀರೆ ಬಿಚ್ಚದೆ. ಖಾಲಿ ಕೋಣೆಯಲ್ಲಿ ಆಂಟಿ ಮಂಡಿಯೂರಿ, ಒಂದು ದೊಡ್ಡ ಅಯಸ್ಕಾಂತವನ್ನು ನೆಲದುದ್ದಕ್ಕೂ ಎಳೆಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ಬಿದ್ದ ಸೂಜಿ, ಪಿನ್ನು, ಹುಕ್ಕುಗಳು ಅಂಟಿಕೊಂಡು ಬರುತ್ತಿದ್ದವು.

“ಹಲ್ಲಿನ ಡಾಕ್ಟರ್ ಹತ್ರ ಮಕ್ಕಳು ಬರ್ತಾವೆ. ಕಾಲಿಗೆ ಚುಚ್ಚಬಾರದಲ್ಲ.”

ಬಿಸಿಲು ಬಂದಿತ್ತು. ದಿಯಾ ತನಗೆ ತಾನೇ ಹೋಗಿ ಆ ಚೌಕದಲ್ಲಿ ಮಲಗಿದಳು. ಮೂರು ವರ್ಷದವಳಿಗೆ ಕಾಲು ಹೊರಗೆ ಬರುತ್ತಿತ್ತು. ಆಂಟಿ ಅವಳ ಪಾದವನ್ನು ಬಿಸಿಲಿನೊಳಗೆ ಸರಿಸಿ, ಸ್ವಲ್ಪ ಹೊತ್ತು ಅಲ್ಲೇ ಕೂತರು. ಬೀಗದ ಕೈ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದೆವು. ಕಾರು ಹತ್ತುವಾಗ, “ಮಾರ್ಚಿಗೆ ಡೇಲ್‌ಗೆ ಒಬ್ಬಟ್ಟು ಮಾಡೋಣ ಅಂದ್ಕೊಂಡಿದ್ದೆ” ಎಂದರು.

ಸೀಡರ್ ಪಾರ್ಕಿಗೆ ಶಿಫ್ಟ್ ಆದ ಮೇಲೆ ಎರಡು ತಿಂಗಳು ಅವರ ಫೋನು ಬರಲಿಲ್ಲ. ಮೇ ತಿಂಗಳಲ್ಲಿ ಬಂತು. ಕರಾಟೆ ಕ್ಲಾಸಿಗೂ ಒಂದು ಕ್ಷೌರದಂಗಡಿಗೂ ನಡುವೆ ಪುಟ್ಟ ಜಾಗ ಸಿಕ್ಕಿದೆಯಂತೆ. ಕಾಗದವನ್ನು ಹ್ಯೂಸ್ಟನ್ನಿಗೆ ಕಳಿಸಿ, ಸುಚೇತಾ ಸಾಲುಸಾಲು ಓದಿದ ಮೇಲೇ ಸೈನ್ ಹಾಕಿದ್ದಂತೆ.

“ಎಷ್ಟಕ್ಕೆ ಬರೆಸಿದ್ರಿ ಆಂಟಿ?”

“ಮೂರು ವರ್ಷ. ಅದರ ಮೇಲೆ ನಾನು ಬೇಕಂದ್ರೆ ಇನ್ನೂ ಮೂರು. ಜಾಗದ ಮಾಲೀಕ ಹುಡುಗ ಇಲ್ಲ ಅಂತಿದ್ದ. ಒಳಗೆ ಬಟ್ಟೆ ಬಿಡದೆ ನಾನು ಸೈನ್ ಹಾಕಲ್ಲ ಅಂದೆ. ಶ್ರೀಜಾ ಅದನ್ನ ಇಂಗ್ಲಿಷಲ್ಲಿ ಏನು ಹೇಳಿದ್ಲೋ, ಬರೆದುಕೊಟ್ಟ. ಅಮಾವಾಸ್ಯೆ ದಿನವೇ ಸೈನ್ ಮಾಡಿದೆ ಕಣೇ! ಅಂಕಲ್ ಹೆದರಿಬಿಟ್ರು.”

ನವರಾತ್ರಿಗೆ ನಾವು ಹೋದಾಗ ದೂರದಿಂದಲೇ ಬೋರ್ಡು ಕಂಡಿತು. ಹಳದಿ, ನೀಲಿ. ಹನ್ನೊಂದು ವರ್ಷ ಸೀರೆಯೊಳಗಿದ್ದದ್ದಕ್ಕೆ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಕೆಳಗೆ ಅಂಕಲ್ ಆಶ್ರಿತನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ನಾನು ಫೋಟೋ ತೆಗೆದೆ. ಒಳಗೆ ಟ್ಯೂಬ್‌ಲೈಟಿನ ಬೆಳಕು. ಕಿಟಕಿ ಇದೆ, ಆದರೆ ಎದುರಿನ ಗೋಡೆಗೆ ತೆರೆದುಕೊಳ್ಳುತ್ತದೆ. ಕೌದಿಯನ್ನು ಮಡಿಚಿ ಯಂತ್ರದ ಕೆಳಗೆ ಇಟ್ಟಿದ್ದರು.

ಅಲ್ಲಿಂದೀಚೆಗೆ ಹದಿನೈದು ದಿನಕ್ಕೊಮ್ಮೆ ಫೋನು. ಆಶ್ರಿತನ ಸುದ್ದಿ, ಗಿರಾಕಿಗಳ ಸುದ್ದಿ, ದಿಯಾಗೆ ಹೊಲಿದ ಲಂಗದ ಸುದ್ದಿ. ಇಡುವ ಮುಂಚೆ ಒಂದು ಪ್ರಶ್ನೆ, ಬೇರೇನೋ ನೆನಪಾದ ಹಾಗೆ. “ಆ ಕಡೆ ಹೋಗಿದ್ಯಾ?”

ನಾನು ಆ ಕಡೆ ಹೋಗುತ್ತಿರಲಿಲ್ಲ. ಟೋಲ್‌ವೇಯಿಂದ ಇಳಿಯದೆ ಮುಂದೆ ಹೋಗುತ್ತಿದ್ದೆ. ಹೋದ ಗುರುವಾರ, ದಿಯಾಳ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವಾಗ, ತಿರುಗಿಸಿದೆ. ಹಿಂದಿನ ಸಾಲು, ಏಳನೇ ಬಾಗಿಲು. ಹಲ್ಲಿನ ಕ್ಲಿನಿಕ್ ಇರಲಿಲ್ಲ. ನಡುಗೋಡೆ ಒಡೆದು ಹಾಗೇ ಬಿಟ್ಟಿದ್ದರು. ಗಾಜಿನ ಮೇಲೆ ‘ಬಾಡಿಗೆಗಿದೆ’ ಎಂಬ ಕಾಗದ. ಅದರ ಮೂಲೆಗಳು ಬಿಸಿಲಿಗೆ ಸುರುಳಿ ಸುತ್ತಿದ್ದವು. ಡಾಕ್ಟರು ಬೇರೆ ಕಡೆ ಜಾಗ ನೋಡಿಕೊಂಡರೋ ಏನೋ, ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಗಾಜಿಗೆ ಹಣೆ ಹಚ್ಚಿ ನಿಂತಿದ್ದಾಗಲೇ ಫೋನು ಬಂತು. ಆಶ್ರಿತನ ಸುದ್ದಿ ಆಯಿತು. ದಸರಾ ಬೊಂಬೆಗೆ ಹೊಸ ಸೀರೆ ಹೊಲಿದದ್ದಾಯಿತು.

“ಆ ಕಡೆ ಹೋಗಿದ್ಯಾ?”

ಕ್ಲಿನಿಕ್ ಜೋರಾಗಿ ನಡೆಯುತ್ತಿದೆ ಎಂದು ಹೇಳಬಹುದಿತ್ತು. ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಅವರಿಗೆ ನಾನು ಒಮ್ಮೆ ‘ಸರಿ’ ಎಂದು ಹೇಳಿ ಮಾಡದೆ ಹೋದವಳು.

“ಇಲ್ಲೇ ಇದೀನಿ ಆಂಟಿ. ಬಾಗಿಲ ಮುಂದೆ. ಖಾಲಿ ಇದೆ. ಯಾರೂ ಬಂದಿಲ್ಲ.”

ಆ ಕಡೆಯಿಂದ ಯಂತ್ರದ ಸದ್ದು ನಿಂತಿತು.

“ಎಷ್ಟು ಗಂಟೆ ಈಗ?”

“ಮೂರು.”

“ಹಾಗಾದ್ರೆ ಬಿಸಿಲು ಬಂದಿರತ್ತೆ.”

“ಬಂದಿದೆ.”

“ನೆಲ ಬೆಚ್ಚಗಿರತ್ತೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಯಂತ್ರ ಮತ್ತೆ ಶುರುವಾಯಿತು. ಇಬ್ಬರೂ ಫೋನ್ ಇಡಲಿಲ್ಲ. ದಿಯಾ ನನ್ನ ಕೈಯಿಂದ ಫೋನು ತೆಗೆದುಕೊಂಡು ಗಾಜಿಗೆ ಒತ್ತಿ ಹಿಡಿದಳು, ಅಜ್ಜಿಗೆ ಕಾಣಲಿ ಎಂದು.